1927ರ ಇಬ್ಬರು: ಮುಂಬಯಿಯಲ್ಲಿ ಸಿಂಫನಿ ಬರೆಯಹೊರಟವರ ಎಳೆಯ ದಿನಗಳು



ಬೆಳಗಿನ ಪ್ರಸಾರ ಶುರುವಾಗುವ ಮೊದಲು ಆಕಾಶವಾಣಿಯಲ್ಲಿ ಬರುವ ಸಿಗ್ನೇಚರ್ ಟ್ಯೂನ್ ನಿಮಗೆಲ್ಲ ಗೊತ್ತು. ಹಿಂದೆ ತಂಬೂರಿ, ಮೇಲೆ ಪಿಟೀಲು, ಶಿವರಂಜನಿಯ ಛಾಯೆ. ಊರಿನಲ್ಲಿದ್ದಾಗ ಅದು ಕಿವಿಗೆ ಬಿದ್ದರೆ ಹಾಲಿನವನು ಬರುವ ಹೊತ್ತಾಯಿತು ಎಂದು ಲೆಕ್ಕ. 'ಆಕಾಶವಾಣಿ' ಎಂಬ ಹೆಸರು ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ನಿಲಯದಿಂದ ಬಂದದ್ದು ಎಂಬುದನ್ನು ನಾವು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಟ್ಯೂನ್ ಬರೆದವರು ಯಾರು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತೇವೆ. ಬರೆದದ್ದು ವಾಲ್ಟರ್ ಕೌಫ್‌ಮನ್, ಬೊಹೀಮಿಯಾದ ಕಾರ್ಲ್ಸ್‌ಬಾಡ್ ಊರಿನ ಯಹೂದಿ, ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಬೇರೆ ಹೆಸರು ಹೇಳುವವರೂ ಇದ್ದಾರೆ. ಕಾಲ 1936. ಆಗ ಕೌಫ್‌ಮನ್ನರಿಗೆ ಇಪ್ಪತ್ತೊಂಬತ್ತು ವರ್ಷ.

ಈ ಸಲ ಬರೆಯಬೇಕೆಂದಿರುವುದು ಅವರೊಬ್ಬರ ಬಗ್ಗೆ ಅಲ್ಲ. ಕಾಗದದ ಮೇಲೆ ಸ್ವರ ಬರೆದು, ಅದನ್ನು ನಲವತ್ತು ಐವತ್ತು ಜನ ಒಟ್ಟಿಗೆ ನುಡಿಸಬೇಕೆಂದು ಆಸೆಪಟ್ಟ ಕೆಲವು ಹುಡುಗರ ಬಗ್ಗೆ. ಅವರೆಲ್ಲ ನಮ್ಮ ಈ ಮುಂಬಯಿಯಲ್ಲಿ ಓಡಾಡಿದವರು. ಅವರ ಕಸುಬಿನ ಮೊದಲ ಹತ್ತು ಹದಿನೈದು ವರ್ಷ ಹೇಗೆ ಕಳೆಯಿತು, ಊರು ಅವರಿಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬುದು ವಿಷಯ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡಬೇಕು. ನಮ್ಮ ಕಡೆ ವಾಗ್ಗೇಯಕಾರ ಎಂದರೆ ಮಾತು ಮತ್ತು ಧಾತು ಎರಡನ್ನೂ ತಾನೇ ಕಟ್ಟುವವನು. ಕಟ್ಟಿದ್ದನ್ನು ತಾನೇ ಹಾಡಿಬಿಡಬಹುದು, ಶಿಷ್ಯರಿಗೆ ಬಾಯಿಪಾಠ ಮಾಡಿಸಬಹುದು. ಹಿಂದೂಸ್ತಾನಿ ಗಾಯಕರು ಹೊಸ ಬಂದಿಶ್ ರಚಿಸಿದರೆ ಅದೇ ಸಂಜೆಯ ಬೈಠಕ್ಕಿನಲ್ಲಿ ಅದು ಜನರ ಕಿವಿಗೆ ಬೀಳುತ್ತದೆ. ಪಾಶ್ಚಾತ್ಯ ಪದ್ಧತಿಯ ಕಂಪೋಸರನ ಪಾಡು ಹಾಗಲ್ಲ. ಒಂದೊಂದು ವಾದ್ಯಕ್ಕೂ ಅವನು ಬೇರೆ ಬೇರೆಯಾಗಿ ಬರೆಯಬೇಕು. ಬರೆದದ್ದನ್ನು ಯಾರಾದರೂ ಪ್ರತಿ ಮಾಡಬೇಕು. ನೋಡಿ ನುಡಿಸಬಲ್ಲ ವಾದಕರು ಬೇಕು, ಅವರನ್ನು ಕೂಡಿಸಲು ಜಾಗ ಬೇಕು, ತಾಲೀಮಿಗೆ ದಿನಗಳು ಬೇಕು, ಕೊನೆಯಲ್ಲಿ ಅವರೆಲ್ಲರ ಸಂಬಳ ಬೇಕು. ಇಷ್ಟೆಲ್ಲ ಆಗುವವರೆಗೆ ಅವನ ಸಂಗೀತ ಬರಿಯ ಕಾಗದ. ತಾನು ಬರೆದದ್ದು ಸರಿಯಾಗಿದೆಯೋ ಇಲ್ಲವೋ ಎಂದು ಅವನಿಗೇ ಪೂರ್ತಿ ತಿಳಿಯುವುದಿಲ್ಲ. ಕೇಳಿದ ಮೇಲೆ ತಾನೇ ತಿದ್ದುವುದು? ಹೀಗಾಗಿ ಎಳೆಯ ಕಂಪೋಸರನಿಗೆ ಪ್ರತಿಭೆಯಷ್ಟೇ ಮುಖ್ಯವಾದದ್ದು, ಅವನ ಎರಡನೆಯ, ಮೂರನೆಯ ರಚನೆಯನ್ನೂ ನುಡಿಸಲು ಸಿದ್ಧವಿರುವ ಒಂದು ತಂಡ.

ಕೌಫ್‌ಮನ್ ಇದನ್ನು ಚೆನ್ನಾಗಿ ಅರಿತಿದ್ದರು. ಬರ್ಲಿನ್‌ನಲ್ಲಿ ಫ್ರಾಂಜ್ ಶ್ರೇಕರ್ ಅವರಲ್ಲಿ ರಚನೆ ಕಲಿತು, ಪ್ರಾಗ್‌ನಲ್ಲಿ ಸಂಗೀತಶಾಸ್ತ್ರ ಓದಿದ್ದರು. ಜರ್ಮನಿಯಲ್ಲಿ ಹಿಟ್ಲರನ ಕಾಲ ಶುರುವಾಗಿತ್ತು, ಯಹೂದಿ ಹುಡುಗನಿಗೆ ಅಲ್ಲಿ ಭವಿಷ್ಯವಿರಲಿಲ್ಲ. 1934ರಲ್ಲಿ ಮುಂಬಯಿಗೆ ಹಡಗಿನಲ್ಲಿ ಬಂದಿಳಿದರು. ಬಂದ ಕೆಲವೇ ತಿಂಗಳಲ್ಲಿ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿ, ವಾರಕ್ಕೊಂದು ಕಛೇರಿ ಶುರುಮಾಡಿಯೇಬಿಟ್ಟರು. ಪಿಟೀಲಿಗೆ ಪಾರ್ಸಿ ತರುಣ ಮೆಹ್ಲಿ ಮೆಹ್ತಾ, ಪಿಯಾನೊಗೆ ಸ್ವತಃ ಕೌಫ್‌ಮನ್. ಕೇಳುಗರು ಬೆರಳೆಣಿಕೆಯಷ್ಟಿದ್ದರೂ ಸರಿ, ತಾನು ಬರೆದದ್ದು ಕಿವಿಗೆ ಬೀಳುವ ಒಂದು ವ್ಯವಸ್ಥೆಯನ್ನು ಅವರು ಮೊದಲು ಮಾಡಿಕೊಂಡರು. ಆಮೇಲೆ ಮುಂಬಯಿ ರೇಡಿಯೋ ನಿಲಯದ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥರಾದರು. 1938ರಲ್ಲಿ 'ಅನಸೂಯಾ' ಎಂಬ ರೇಡಿಯೋ ಆಪೆರಾ ಬರೆದರು. ಸಿನಿಮಾಗಳಿಗೂ ದುಡಿದರು. 1946ರಲ್ಲಿ ಹೊರಡುವ ತನಕ ಹನ್ನೆರಡು ವರ್ಷ ಇಲ್ಲೇ ಇದ್ದರು. ಮುಂದೆ ಕೆನಡಾದ ವಿನ್ನಿಪೆಗ್ ಸಿಂಫನಿ, ಅಲ್ಲಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ. ಹಿಂದೂಸ್ತಾನಿ ಮತ್ತು ಕರ್ನಾಟಕ ರಾಗಗಳ ಮೇಲೆ ದಪ್ಪ ದಪ್ಪ ಪುಸ್ತಕ ಬರೆದರು. 1984ರಲ್ಲಿ ತೀರಿಕೊಂಡರು.

ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂರುವ ನನ್ನಂಥವರಿಗೆ ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಒಂದು ರೇಡಿಯೋ ನಿಲಯ ಒಬ್ಬ ತರುಣ ಕಂಪೋಸರನಿಗೆ ತಿಂಗಳ ಸಂಬಳ, ವಾದಕರು, ಪ್ರಸಾರದ ಹೊತ್ತು ಮೂರನ್ನೂ ಕೊಟ್ಟಿತ್ತು. ಅವನು ಅದನ್ನು ಪೂರ್ತಿ ಬಳಸಿಕೊಂಡ. ಇಂಥದ್ದೊಂದು ಕುರ್ಚಿ ಮುಂದೆ ನಮ್ಮವರಿಗೆ ಸಿಕ್ಕಿತೇ ಎಂಬ ಪ್ರಶ್ನೆಯನ್ನು ಇಟ್ಟುಕೊಂಡೇ ಮುಂದಿನ ಇಬ್ಬರನ್ನು ನೋಡಬೇಕು.

ಇಬ್ಬರೂ ಹುಟ್ಟಿದ್ದು 1927ರಲ್ಲಿ. ಒಬ್ಬರು ಮೇ 31ರಂದು ಮುಂಬಯಿಯಲ್ಲಿ, ಇನ್ನೊಬ್ಬರು ಜೂನ್ 12ರಂದು ಗೋವಾದ ಮಜೋರ್ಡಾ ಎಂಬ ಹಳ್ಳಿಯಲ್ಲಿ. ಹನ್ನೆರಡೇ ದಿನದ ಅಂತರ. ಒಬ್ಬರು ವನರಾಜ್ ಭಾಟಿಯಾ, ಇನ್ನೊಬ್ಬರು ಆಂಥನಿ ಗೊನ್ಸಾಲ್ವಿಸ್. ಎರಡನೆಯ ಹೆಸರು ಓದಿದ ಕೂಡಲೇ ದೊಡ್ಡ ಈಸ್ಟರ್ ಮೊಟ್ಟೆಯೊಳಗಿಂದ ಕೋಟು ಟೋಪಿ ಹಾಕಿ ಹೊರಬರುವ ಅಮಿತಾಭ್ ಬಚ್ಚನ್ ನಿಮ್ಮ ಕಣ್ಣಮುಂದೆ ಬಂದಿರಬೇಕು. ಹೌದು, ಅದೇ ಹೆಸರು. ಆದರೆ ಆ ಹೆಸರಿನ ಒಬ್ಬ ನಿಜವಾದ ಮನುಷ್ಯ ಇದ್ದರು, ಅವರು ಸಿಂಫನಿ ಬರೆಯುವ ಕನಸು ಕಂಡವರು ಎಂದರೆ ಇಂದಿಗೂ ಬಹಳ ಮಂದಿ ನಂಬುವುದಿಲ್ಲ.

ಆಂಥನಿಯವರ ತಂದೆ ಊರಿನ ಇಗರ್ಜಿಯಲ್ಲಿ ಸಂಗೀತ ಕಲಿಸುತ್ತಿದ್ದವರು. ಪೋರ್ಚುಗೀಸರ ಕಾಲದ ಗೋವಾದಲ್ಲಿ ಇಗರ್ಜಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಸ್ವರಲಿಪಿ, ಪಿಟೀಲು, ಗಾಯನ ಕಲಿಸುವ ಪದ್ಧತಿಯಿತ್ತು. ಹೊಲಗದ್ದೆಯಿದ್ದರೂ ಇಲ್ಲದಿದ್ದರೂ ಹುಡುಗ ಸ್ವರಲಿಪಿ ಓದುತ್ತಿದ್ದ. ಆ ವಿದ್ಯೆಗೆ ಊರಿನಲ್ಲಿ ಕೂಲಿಯಿರಲಿಲ್ಲ, ಮುಂಬಯಿಯಲ್ಲಿ ಇತ್ತು. ನಮ್ಮ ದಕ್ಷಿಣ ಕನ್ನಡದ ಹುಡುಗರು ಉಡುಪಿ ಹೋಟೆಲಿನ ಕೆಲಸಕ್ಕೆಂದು ಬಂದ ಅದೇ ವರ್ಷಗಳಲ್ಲಿ ಗೋವಾದ ಹುಡುಗರು ಪಿಟೀಲು ಪೆಟ್ಟಿಗೆ, ತುತ್ತೂರಿ ಹಿಡಿದುಕೊಂಡು ಬಂದರು. ನಮ್ಮವರು ಹೋಟೆಲಿನಲ್ಲೇ ಮಲಗಿ ರಾತ್ರಿಶಾಲೆಗೆ ಹೋದರೆ, ಅವರು ಧೋಬಿ ತಲಾವ್ ಸುತ್ತಮುತ್ತ ಊರಿಗೊಂದರಂತೆ ಮಾಡಿಕೊಂಡಿದ್ದ 'ಕೂಡ್' ಎಂಬ ಬಿಡಾರಗಳಲ್ಲಿ ತಂಗಿದರು. ಹಗಲು ಸ್ಟುಡಿಯೋ, ರಾತ್ರಿ ಹೋಟೆಲಿನ ಬ್ಯಾಂಡ್.

ಆಂಥನಿ 1943ರಲ್ಲಿ ಹದಿನಾರನೆಯ ವಯಸ್ಸಿಗೆ ಬಂದು ನೌಷಾದ್ ಅವರ ತಂಡದಲ್ಲಿ ಪಿಟೀಲು ಹಿಡಿದರು. ಬೇಗನೇ ಅರೇಂಜರ್ ಆದರು. ಅರೇಂಜರ್ ಎಂದರೇನೆಂದು ನಮ್ಮ ಸಿನಿಮಾ ಟೈಟಲುಗಳಿಂದ ತಿಳಿಯುವುದಿಲ್ಲ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಒಂದು ಧಾಟಿ ಹಾಕಿಕೊಡುತ್ತಾರೆ. ಅದರ ಹಿಂದೆ ಪಿಟೀಲುಗಳು ಎಲ್ಲಿ ಏಳಬೇಕು, ಕೊಳಲು ಎಲ್ಲಿ ಉತ್ತರಿಸಬೇಕು, ಪಲ್ಲವಿ ಮತ್ತು ಚರಣದ ನಡುವೆ ಏನು ಬರಬೇಕು ಎಂದೆಲ್ಲ ರಾತ್ರಿ ಕುಳಿತು ಒಬ್ಬೊಬ್ಬ ವಾದಕನ ಹಾಳೆ ಬರೆಯುವವನು ಅರೇಂಜರ್. ಹಾಡು ಜನಪ್ರಿಯವಾದರೆ ಹೆಸರು ಮೇಲಿನವರಿಗೆ. 'ನಯಾ ದೌರ್' ಕಾಲದ ಎಷ್ಟೋ ಹಾಡುಗಳ ಹಿಂದೆ ಇಂಥ ಗೋವನ್ನರ ಕೈಬರಹವಿದೆ, ಆಂಥನಿಯವರದೂ ಇದೆ. ಮನೆಯಲ್ಲಿ ಪಿಟೀಲು ಪಾಠ ಹೇಳುತ್ತಿದ್ದರು. ಕಲಿಯಲು ಬಂದವರಲ್ಲಿ ಒಬ್ಬ ಪ್ಯಾರೇಲಾಲ್, ಇನ್ನೊಬ್ಬ ರಾಹುಲ್ ದೇವ್ ಬರ್ಮನ್. ಗುರುವಿನ ಯೋಗ್ಯತೆ ಏನಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಕ್ಕೇ ಅವರು ತೃಪ್ತರಾಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಹಿಂದೂಸ್ತಾನಿ ವಾದಕರ ಜೊತೆ ಕೂತು ರಾಗದ ನಡೆ ಹಿಡಿದು, ಅದನ್ನು ಐದು ಗೆರೆಯ ಸ್ವರಲಿಪಿಯಲ್ಲಿ ಹೇಗೆ ಇಳಿಸುವುದೆಂದು ಪ್ರಯತ್ನಿಸಿದರು. ಕೇಳಲು ಸುಲಭ, ಮಾಡಲು ಕಷ್ಟ. ರಾಗದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯೇ ಜೀವ. ಸ್ವರಲಿಪಿ ಸ್ವರದ ಜಾಗವನ್ನು ತೋರಿಸುತ್ತದೆ, ದಾರಿಯನ್ನು ಅಷ್ಟಾಗಿ ತೋರಿಸುವುದಿಲ್ಲ. ಜೊತೆಗೆ ಹಲವು ವಾದ್ಯ ಒಟ್ಟಿಗೆ ಬೇರೆ ಬೇರೆ ಸ್ವರ ಹಿಡಿದರೆ ರಾಗ ಕೆಟ್ಟುಹೋಗುವ ಭಯ. ಈ ತೊಡಕುಗಳ ಜೊತೆ ಗುದ್ದಾಡಿ ಆಂಥನಿ 'ಸೊನಾಟಿನಾ ಇಂಡಿಯಾನಾ', ಸಾರಂಗ ರಾಗದ ಕನ್ಸರ್ಟೊ ಮೊದಲಾದವನ್ನು ಬರೆದರು. ನುಡಿಸುವವರು ಬೇಕಲ್ಲ? ಸಿನಿಮಾ ಸ್ಟುಡಿಯೋಗಳ ವಾದಕರನ್ನೇ ಒಟ್ಟುಗೂಡಿಸಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಎಂಬ ತಂಡ ಕಟ್ಟಿದರು. 1958ರಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ಕಛೇರಿ. ಹಾಡಿದವರು ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ! ಹಗಲೆಲ್ಲ ಬೇರೆಯವರ ಧಾಟಿಗೆ ಹಾಳೆ ಬರೆದ ಮೂವತ್ತೊಂದರ ತರುಣ, ಆ ಸಂಜೆ ತನ್ನದೇ ಸಂಗೀತವನ್ನು ಅಷ್ಟು ದೊಡ್ಡ ತಂಡದಿಂದ ಕೇಳಿದ.

ಆ ಆರ್ಕೆಸ್ಟ್ರಾ ಬಹುಕಾಲ ಬಾಳಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ. ವಾದಕರಿಗೆ ಹೊಟ್ಟೆಪಾಡು ನಡೆಯುತ್ತಿದ್ದುದು ಸ್ಟುಡಿಯೋದ ಶಿಫ್ಟಿನಿಂದ. ಗೆಳೆತನಕ್ಕೆ ಒಂದು ಸಂಜೆ ಬಂದಾರು, ಎರಡು ಸಂಜೆ ಬಂದಾರು. ತಿಂಗಳು ತಿಂಗಳು ಬರಲು ಸಂಬಳ ಕೊಡುವವರು ಯಾರು? 1965ರಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಫೆಲೋಶಿಪ್ ಬಂತು, ಆಂಥನಿ ಹೊರಟುಹೋದರು. ಹಿಂದಿ ಸಿನಿಮಾದ ಅವರ ಅಧ್ಯಾಯ ಅಲ್ಲಿಗೆ ಮುಗಿಯಿತು. ಮುಂದೆ ಗೋವಾಕ್ಕೆ ಮರಳಿ ತಮ್ಮ ಹಳ್ಳಿಯಲ್ಲಿ ಸದ್ದಿಲ್ಲದೆ ಇದ್ದರು. 1977ರ 'ಅಮರ್ ಅಕ್ಬರ್ ಆಂಥನಿ'ಯ ಹಾಡಿನಲ್ಲಿ ಅವರ ಹೆಸರು ಬಂದದ್ದು ಶಿಷ್ಯ ಪ್ಯಾರೇಲಾಲ್ ಸಲ್ಲಿಸಿದ ಗುರುಕಾಣಿಕೆ. ದೇಶವೆಲ್ಲ ಹೆಸರನ್ನು ಕೂಗಿತು, ಸೊನಾಟಿನಾವನ್ನು ಯಾರೂ ಕೇಳಲಿಲ್ಲ.

ಈಗ ವನರಾಜ್ ಅವರ ಕಡೆಗೆ ಬರೋಣ. ಗುಜರಾತಿ ಮನೆತನ, ಒಳ್ಳೆಯ ಶಾಲೆ. ಬಾಲ್ಯದಲ್ಲಿ ದೇವಧರ್ ಮಾಸ್ತರರ ಸಂಗೀತ ಶಾಲೆಯಲ್ಲಿ ಹಿಂದೂಸ್ತಾನಿ ಪಾಠ. ನಮ್ಮ ಬೆಳಗಾವಿ ಕಡೆಯ ಸೂಳೇಭಾವಿಯ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ಕುಮಾರ ಗಂಧರ್ವರಾಗಿ ಬೆಳೆದದ್ದೂ ಅದೇ ದೇವಧರ್ ಅವರ ನೆರಳಿನಲ್ಲಿ. ಹದಿಹರೆಯದಲ್ಲಿ ಚೈಕೋವ್‌ಸ್ಕಿಯ ಮೊದಲ ಪಿಯಾನೊ ಕನ್ಸರ್ಟೊ ಕೇಳಿದ್ದೇ ವನರಾಜರ ದಾರಿ ಬದಲಾಯಿತು. ಪಿಯಾನೊ ಕಲಿತರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ 1949ರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿದರು. ವಿದ್ಯಾರ್ಥಿವೇತನ ಸಿಕ್ಕಿತು, 1954ರಲ್ಲಿ ಚಿನ್ನದ ಪದಕವೂ ಸಿಕ್ಕಿತು. ಅಲ್ಲಿಂದ ರಾಕ್‌ಫೆಲರ್ ವೇತನ ಮತ್ತು ಫ್ರೆಂಚ್ ಸರ್ಕಾರದ ವೇತನದ ಮೇಲೆ ಪ್ಯಾರಿಸ್. ಗುರು ನಾಡಿಯಾ ಬುಲಾಂಜೆ. ಇಪ್ಪತ್ತನೆಯ ಶತಮಾನದ ಕಂಪೋಸರುಗಳ ಗುರುಪರಂಪರೆ ಬರೆದರೆ ಈ ತಾಯಿಯ ಹೆಸರು ನಡುಮಧ್ಯದಲ್ಲಿರುತ್ತದೆ. ಏರನ್ ಕೋಪ್ಲಂಡ್ ಅವರ ಹಿರಿಯ ಶಿಷ್ಯ, ಫಿಲಿಪ್ ಗ್ಲಾಸ್ ಕಿರಿಯ ಶಿಷ್ಯ. ನಡುವೆ ನಮ್ಮ ಭಾಟಿಯಾ.

ಅದೇ ಹೊತ್ತಿನ ಲಂಡನ್ನಿನಲ್ಲಿ ಕನ್ನಡ ನಾಡಿನ ಹಣವೂ ಓಡಾಡುತ್ತಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಸ್ವತಃ ಪಿಯಾನೊ ಕಲಿತವರು, ಮುಂದೆ ತೊಂಬತ್ತನಾಲ್ಕು ಕರ್ನಾಟಕ ಕೃತಿಗಳನ್ನು ರಚಿಸಿದವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಕಂಪೋಸರ್ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಧ್ವನಿಮುದ್ರಣವಾಗಲು ಹಣ ಕೊಟ್ಟವರು ಇವರೇ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಒಡೆಯರ ಹಣದ ಭರವಸೆಯಿಂದ. ವಯಸ್ಸಾದ ಮೆಟ್ನರ್ ಅವರಿಗೆ ತನ್ನ ಸಂಗೀತವನ್ನು ತಾನು ಕೇಳಿ ಸಾಯುವ ಭಾಗ್ಯವನ್ನು ಮೈಸೂರು ಕೊಟ್ಟಿತು. ನಮ್ಮ ದೇಶದ ಎಳೆಯರಿಗೆ ಅಂಥ ಒಡೆಯರು ಒದಗಲಿಲ್ಲ ಎಂದು ಕೊರಗಬಹುದು. ಆದರೆ ಒಡೆಯರನ್ನು ದೂರುವುದು ತರವಲ್ಲ. ಸಂಸ್ಥಾನವೇ ಆಗ ಮುಗಿಯುತ್ತಿತ್ತು.

ಭಾಟಿಯಾ 1959ರಲ್ಲಿ ಮುಂಬಯಿಗೆ ಹಿಂದಿರುಗಿದರು. ಮೂವತ್ತೆರಡು ವರ್ಷ, ಲಂಡನ್ ಪ್ಯಾರಿಸ್ ಎರಡರ ವಿದ್ಯೆ. ಊರಿನಲ್ಲಿ ಏನಿತ್ತು? ಮೆಹ್ಲಿ ಮೆಹ್ತಾ 1935ರಲ್ಲಿ ಕಟ್ಟಿದ್ದ ಬಾಂಬೆ ಸಿಂಫನಿಯ ಬಲ ಕುಂದಿತ್ತು. ಮೆಹ್ತಾ ಅವರೇ 1955ರಲ್ಲಿ ಮ್ಯಾಂಚೆಸ್ಟರಿನ ಹ್ಯಾಲೆ ಆರ್ಕೆಸ್ಟ್ರಾ ಸೇರಿದ್ದರು. ಅವರ ಮಗ ಝುಬಿನ್ ಅದಕ್ಕೂ ಮೊದಲೇ ವಿಯೆನ್ನಾಕ್ಕೆ ಓದಲು ಹೋಗಿದ್ದ. ಆಕಾಶವಾಣಿ 1952ರಲ್ಲಿ ದೆಹಲಿಯಲ್ಲಿ ವಾದ್ಯವೃಂದ ಆರಂಭಿಸಿತ್ತು. ಅದರ ಮೊದಲ ನಿರ್ದೇಶಕರಲ್ಲಿ ಪಂಡಿತ್ ರವಿಶಂಕರ್ ಒಬ್ಬರು. ಅದು ಭಾರತೀಯ ವಾದ್ಯಗಳ ತಂಡ, ಒಳ್ಳೆಯ ಕೆಲಸ. ಆದರೆ ಬುಲಾಂಜೆ ಕಲಿಸಿದ ವಿದ್ಯೆಗೆ ಅಲ್ಲಿ ಜಾಗವಿರಲಿಲ್ಲ. ಕೌಫ್‌ಮನ್ ಕೂತಿದ್ದಂಥ ಕುರ್ಚಿಯೊಂದು ಭಾಟಿಯಾ ಅವರಿಗಾಗಿ ಖಾಲಿ ಬಿದ್ದಿರಲಿಲ್ಲ.

ಸಿಕ್ಕಿದ್ದು ಜಾಹೀರಾತು. ಶಕ್ತಿ ಸಿಲ್ಕ್ ಸೀರೆಗಳ ಜಾಹೀರಾತು ಚಿತ್ರಕ್ಕೆ ಅವರು ಮಾಡಿಕೊಟ್ಟ ಸಂಗೀತವೇ ಈ ದೇಶದಲ್ಲಿ ಜಾಹೀರಾತಿಗೆಂದು ಪ್ರತ್ಯೇಕವಾಗಿ ರಚಿಸಿದ ಮೊದಲ ಸಂಗೀತ ಎನ್ನುತ್ತಾರೆ. ಮುಂದೆ ಲಿರಿಲ್, ಗಾರ್ಡನ್ ವರೇಲಿ, ಡ್ಯೂಲಕ್ಸ್. ಜೀವಮಾನದಲ್ಲಿ ಮಾಡಿದ ಜಿಂಗಲ್‌ಗಳ ಲೆಕ್ಕ ಏಳು ಸಾವಿರದ ಮೇಲೆ! ಜಲಪಾತದ ಕೆಳಗೆ ಹುಡುಗಿ ಕುಣಿಯುವ ಲಿರಿಲ್ ಜಾಹೀರಾತಿನ ಧಾಟಿಯನ್ನು ಗುನುಗದವರು ಆ ಕಾಲದಲ್ಲಿ ಯಾರಿದ್ದರು? 1960ರಿಂದ 65ರವರೆಗೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ಸಂಗೀತಶಾಸ್ತ್ರದ ರೀಡರ್ ಆಗಿಯೂ ಇದ್ದರು. ಪಾಠ ಹೇಳಿದರು, ಮತ್ತೆ ಮುಂಬಯಿಗೆ ಬಂದರು, ಮತ್ತೆ ಜಿಂಗಲ್.

ಇದನ್ನು ಬರಿಯ ದುರಂತ ಎಂದು ಬರೆದುಬಿಡುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ರೇಡಿಯೋದಲ್ಲಿ ಇರುವವರಿಗೆ ಮೂವತ್ತು ಸೆಕೆಂಡಿನ ಬೆಲೆ ಗೊತ್ತು. ಅಷ್ಟರಲ್ಲಿ ಆರಂಭ, ಏರು, ಮುಕ್ತಾಯ ಎಲ್ಲ ಇರಬೇಕು, ಒಂದು ಸ್ವರವೂ ದಂಡವಾಗಬಾರದು. ಜೊತೆಗೆ ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಒಳ್ಳೆಯ ವಾದಕರಿಂದ ಕೇಳುವ ಭಾಗ್ಯ ಅವರಿಗೆ ಸಿಕ್ಕಿದ್ದು ಜಾಹೀರಾತಿನಿಂದಲೇ. ಆದರೆ ನಷ್ಟವೂ ನಿಜ. ಕಂಪೋಸರ್ ಮೂವತ್ತರಿಂದ ನಲವತ್ತೈದರ ನಡುವೆ ದೊಡ್ಡ ಕೃತಿಗಳನ್ನು ಬರೆದು, ಕೇಳಿ, ತಿದ್ದಿ ಬೆಳೆಯುತ್ತಾನೆ. ತಂತಿವಾದ್ಯಗಳಿಗೆ, ಪಿಯಾನೊಗೆ ಭಾಟಿಯಾ ಬರೆದರು, ನಿಜ. ಅವು ಪದೇ ಪದೇ ನುಡಿಯುವ ಊರಿನಲ್ಲಿ ಅವರಿರಲಿಲ್ಲ ಅಷ್ಟೆ.

ಹಾಗಾದರೆ ಲಂಡನ್ನಿನಲ್ಲೇ ಉಳಿದಿದ್ದರೆ? ಉಳಿದವರ ಕತೆ ನೋಡಿದರೆ ಅದೂ ಹೂವಿನ ಹಾಸಿಗೆಯಲ್ಲ. ಕೋಲ್ಕತ್ತಾದ ಬಡ ಆಂಗ್ಲೋ ಇಂಡಿಯನ್ ಮನೆಯ ಜಾನ್ ಮೇಯರ್, ಮುಂಬಯಿಯಲ್ಲಿ ಮೆಹ್ಲಿ ಮೆಹ್ತಾರಲ್ಲಿ ಪಿಟೀಲು ಕಲಿತು, ಸ್ಪರ್ಧೆಯೊಂದರಲ್ಲಿ ಗೆದ್ದ ವೇತನದಿಂದ 1952ರಲ್ಲಿ ಅದೇ ರಾಯಲ್ ಅಕಾಡೆಮಿ ಸೇರಿದರು. ಹೊಟ್ಟೆಪಾಡಿಗೆ ಲಂಡನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಪಿಟೀಲು ಸಾಲಿನಲ್ಲಿ ಕೂತರು. ಹಗಲು ಬೇರೆಯವರ ಸಂಗೀತ, ರಾತ್ರಿ ತನ್ನದು. ಸಾಲಿನಲ್ಲಿ ಕೂತದ್ದರ ಲಾಭವೆಂದರೆ ತಂಡದ ಬಾಗಿಲು ಒಳಗಿನಿಂದ ತೆರೆಯಿತು. ಅವರ 'ಡಾನ್ಸಸ್ ಆಫ್ ಇಂಡಿಯಾ' 1958ರದು. ಆಂಥನಿ ಝೇವಿಯರ್ಸ್ ಅಂಗಳದಲ್ಲಿ ಕಛೇರಿ ಮಾಡಿದ ವರ್ಷವೇ ಅದು. ಮೇಯರ್ ಮುಂದೆ ಜಾಝ್ ವಾದಕ ಜೋ ಹ್ಯಾರಿಯಟ್ ಜೊತೆ ಇಂಡೋ ಜಾಝ್ ಫ್ಯೂಷನ್ಸ್ ಕಟ್ಟಿ ಹೆಸರಾದರು.

ಪಂಜಾಬಿನ ನರೇಶ್ ಸೋಹಲ್ ಅವರದು ಇನ್ನೊಂದು ದಾರಿ. 1962ರಲ್ಲಿ ಇಂಗ್ಲೆಂಡಿಗೆ ಹೋಗಿ ಸಂಗೀತ ಪ್ರಕಾಶಕರಲ್ಲಿ ಸ್ವರಲಿಪಿ ನಕಲು ಮಾಡುವ ಕೆಲಸ ಹಿಡಿದರು. ಬೇರೆಯವರ ಹಾಳೆ ನಕಲು ಮಾಡುತ್ತಲೇ ಆರ್ಕೆಸ್ಟ್ರಾ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆಂದು ಕಲಿತರು. ಒಂದು ದಿನದ ಎಂಟು ಜಾವಗಳ ಮೇಲೆ ಬರೆದ 'ಅಷ್ಟ ಪ್ರಹರ' 1970ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಕೇಳಿಬಂತು. ಬರೆದು ಐದು ವರ್ಷ ಕಾಯಬೇಕಾಯಿತು. ಆಮೇಲೆ ಬಿಬಿಸಿ ರೇಡಿಯೋದ ಬೆಂಬಲ. 1982ರ ಪ್ರಾಮ್ಸ್ ಉತ್ಸವದಲ್ಲಿ ಅವರ 'ದಿ ವಾಂಡರರ್' ನುಡಿಯಿತು. ರೇಡಿಯೋ ಸಂಸ್ಥೆಯೊಂದು ಸ್ವಂತ ಆರ್ಕೆಸ್ಟ್ರಾಗಳನ್ನು ಇಟ್ಟುಕೊಂಡು, ಹೊಸಬರಿಗೆ ಮುಂಗಡ ಕೊಟ್ಟು ಬರೆಸಿ, ನುಡಿಸಿ, ಪ್ರಸಾರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸೋಹಲ್ ಉದಾಹರಣೆ. ಭಾಟಿಯಾ, ಗೊನ್ಸಾಲ್ವಿಸ್ ಇಬ್ಬರಿಗೂ ತಪ್ಪಿದ್ದು ಅದೇ.

ಭಾಟಿಯಾ ಅವರ ಬಾಗಿಲು ತೆರೆದದ್ದು ಜಾಹೀರಾತಿನ ಗೆಳೆತನದಿಂದ. ಅದೇ ಲೋಕದಲ್ಲಿ ದುಡಿಯುತ್ತಿದ್ದ ಶ್ಯಾಮ್ ಬೆನೆಗಲ್, ಅವರ ಮೂಲ ನಮ್ಮ ಕರಾವಳಿ, 1974ರಲ್ಲಿ 'ಅಂಕುರ್' ಮಾಡಿದಾಗ ಸಂಗೀತಕ್ಕೆ ಕರೆದದ್ದು ಭಾಟಿಯಾರನ್ನು. ಅಂದರೆ ಮೊದಲ ಕಥಾಚಿತ್ರದ ಹೊತ್ತಿಗೆ ಈ 'ಹೊಸ' ಸಂಗೀತ ನಿರ್ದೇಶಕರಿಗೆ ವಯಸ್ಸು ನಲವತ್ತಾರು ದಾಟಿತ್ತು. 'ನಿಶಾಂತ್', 'ಮಂಥನ್', 'ಭೂಮಿಕಾ' ಸಾಲಾಗಿ ಬಂದವು. ಆ ಚಿತ್ರಗಳಲ್ಲೆಲ್ಲ ನಟನಾಗಿಯೋ ಬರಹಗಾರನಾಗಿಯೋ ನಮ್ಮ ಗಿರೀಶ ಕಾರ್ನಾಡರು ಇದ್ದೇ ಇದ್ದರು. ಮುಂದೆ 'ತಮಸ್' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ, ದೂರದರ್ಶನಕ್ಕೆ 'ಭಾರತ್ ಏಕ್ ಖೋಜ್'.

ಕಾರ್ನಾಡರ ಪರಿಚಯ ಒಂದು ದೊಡ್ಡ ಕೆಲಸಕ್ಕೆ ಬೀಜವಾಯಿತು. ಮಹಾಭಾರತದ ವನಪರ್ವದ ಯವಕ್ರೀತನ ಕತೆಯನ್ನು ಆಧರಿಸಿ ಕಾರ್ನಾಡರು ಬರೆದ 'ಅಗ್ನಿ ಮತ್ತು ಮಳೆ' ನಾಟಕವನ್ನು ಭಾಟಿಯಾ ಆಪೆರಾ ಮಾಡಲು ಕೂತರು. ಸುಮಾರು ಹತ್ತು ವರ್ಷ ಸರಿಯಾಗಿ ಮಳೆಯಿಲ್ಲದ ನಾಡು, ಯಜ್ಞದಲ್ಲಿ ಮುಳುಗಿದ ಅಣ್ಣ, ನಾಟಕದ ಹುಚ್ಚಿನ ತಮ್ಮ. ಬುಲಾಂಜೆಯ ಪಾಠವನ್ನೂ ದೇವಧರ್ ಮಾಸ್ತರರ ಪಾಠವನ್ನೂ ಒಟ್ಟಿಗೆ ಕೇಳುವ ವಸ್ತು. ಅದರ ಮೊದಲ ಅಂಕಗಳು ನ್ಯೂಯಾರ್ಕಿನಲ್ಲಿ 2012ರಲ್ಲಿ ರಂಗಕ್ಕೆ ಬಂದವು. ಕಂಪೋಸರಿಗೆ ಎಂಬತ್ತೈದು ವರ್ಷ. ಅದೇ ವರ್ಷ ಅವರಿಗೆ ಪದ್ಮಶ್ರೀ. ಅದೇ ವರ್ಷದ ಜನವರಿಯಲ್ಲಿ ಗೋವಾದಲ್ಲಿ ಆಂಥನಿ ಗೊನ್ಸಾಲ್ವಿಸ್ ತೀರಿಕೊಂಡಿದ್ದರು. ಪತ್ರಿಕೆಗಳ ತಲೆಬರಹದಲ್ಲಿ ಅಂದೂ ಆ ಸಿನಿಮಾ ಹಾಡೇ.

2006ರಲ್ಲಿ ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿತು. ಸಂಬಳದ ವಾದಕರ ತಂಡ ಅಂತೂ ಊರಿಗೆ ಬಂತು. ಅದಕ್ಕಾಗಿ ಉಸ್ತಾದ್ ಝಾಕಿರ್ ಹುಸೇನ್ ಬರೆದ ತಬಲಾ ಕನ್ಸರ್ಟೊ 'ಪೇಷ್‌ಕಾರ್' 2015ರಲ್ಲಿ ನುಡಿಯಿತು. 1958ರಲ್ಲೋ 59ರಲ್ಲೋ ಇಂಥದ್ದೊಂದು ಇದ್ದಿದ್ದರೆ ಎಂದು ಲೆಕ್ಕ ಹಾಕುತ್ತ ಕೂರುವುದು ವ್ಯರ್ಥ. ಆದರೂ ಮನಸ್ಸು ಲೆಕ್ಕ ಹಾಕುತ್ತದೆ.

ಭಾಟಿಯಾ ಅವರ ಕೊನೆಯ ವರ್ಷಗಳು ಕಷ್ಟದವು. 2019ರಲ್ಲಿ, ಕೈಯಲ್ಲಿ ಕಾಸಿಲ್ಲ, ಮನೆಯ ಸಾಮಾನು ಮಾರುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಓದಿದೆವು. ಅದೇ ವರ್ಷದ ಜನವರಿಯಲ್ಲಿ ಮುಂಬಯಿಗೆ ಬಂದಿದ್ದ ಜಗತ್ಪ್ರಸಿದ್ಧ ಚೆಲ್ಲೊ ವಾದಕ ಯೋ ಯೋ ಮಾ, ಅವರ 'ರೆವರಿ' ಎಂಬ ರಚನೆಯನ್ನು ನುಡಿಸಿದ್ದರು. 2021ರ ಮೇ 7ರಂದು, ತೊಂಬತ್ತನಾಲ್ಕಕ್ಕೆ ಮೂರು ವಾರ ಉಳಿದಿರುವಾಗ, ಮುಂಬಯಿಯ ಮನೆಯಲ್ಲಿ ಭಾಟಿಯಾ ತೀರಿಕೊಂಡರು.

ಕೇಳಬಯಸುವವರಿಗೆ ಎರಡು ಸೂಚನೆ. ಕೌಫ್‌ಮನ್ ಅವರ ಚೇಂಬರ್ ರಚನೆಗಳನ್ನು ಕೆನಡಾದ ಎಆರ್‌ಸಿ ಎನ್‌ಸೆಂಬಲ್ 2020ರಲ್ಲಿ ಧ್ವನಿಮುದ್ರಿಸಿದೆ. ಅದರಲ್ಲಿನ ಪಿಟೀಲಿನ ಭಾಗ ಕೇಳುವಾಗ ನಮ್ಮ ಆ ಬೆಳಗಿನ ಟ್ಯೂನಿನ ನೆಂಟಸ್ತಿಕೆ ಸಿಗುತ್ತದೆಯೇ ನೋಡಿ. ಇನ್ನೊಂದು, 'ಭಾರತ್ ಏಕ್ ಖೋಜ್' ಧಾರಾವಾಹಿಯ ಆರಂಭ. ಋಗ್ವೇದದ ನಾಸದೀಯ ಸೂಕ್ತವನ್ನು ಅಲ್ಲಿ ವೃಂದಗಾಯನಕ್ಕೆ ಅಳವಡಿಸಿದ್ದಾರೆ. ಮಾತಿನ ಅರ್ಥದ ಕಡೆ ಈ ಒಂದು ಸಲ ಗಮನ ಕೊಡಬೇಡಿ. ದನಿಗಳು ಒಂದರ ಮೇಲೊಂದು ಎಲ್ಲಿ ಬಂದು ಕೂಡುತ್ತವೆ, ಎಲ್ಲಿ ಬಿಟ್ಟು ಹೋಗುತ್ತವೆ ಎಂಬುದನ್ನಷ್ಟೇ ಕೇಳಿ.